ಬೂಟು ನನ್ನ ಕೈಯಲ್ಲೇ ಇತ್ತು

ಒಕಾಯಾಮ
ಜುಲೈ ೨, ೨೦೧೯

ಪ್ರೀತಿಯ ಸಾಯೊ,

ಇಲ್ಲಿ ಬಿಸಿಲು ಏರುತ್ತಿದೆ. ನಿಮ್ಮ ಹೊಕ್ಕೈದೊದಲ್ಲಿ ಇನ್ನೂ ರಾತ್ರಿ ರಜಾಯಿ ಬೇಕಾಗುತ್ತದೆ ಎಂದು ಟಿವಿಯಲ್ಲಿ ಹೇಳಿದಾಗ ಹೊಟ್ಟೆಕಿಚ್ಚಾಯಿತು. ನೀನು ಕಳಿಸಿದ ಬೆಣ್ಣೆ, ಚೀಸಿನ ಡಬ್ಬಿ ಶನಿವಾರ ಕೈಸೇರಿತು. ಪ್ರತಿ ಬೇಸಿಗೆಗೂ ತಪ್ಪದೆ ಕಳಿಸುತ್ತೀಯ, ಏನು ಹೇಳಲಿ. ಇಲ್ಲಿಂದ ನಾನೂ ಪೀಚ್ ಹಣ್ಣು ಕಳಿಸಿದ್ದೇನೆ, ಮೆತ್ತಗಾಗುವ ಮುಂಚೆ ತಿನ್ನು.

ನಿಮ್ಮಣ್ಣ ಚೆನ್ನಾಗಿದ್ದಾರೆ. ಬೆಳಿಗ್ಗೆ ಎದ್ದು ಸೌತೆಬಳ್ಳಿಗೆ ನೀರು ಹಾಕುತ್ತಾರೆ. ಕೆಲವು ದಿನ ಎರಡು ಸಲ ಹಾಕುತ್ತಾರೆ, ಬಳ್ಳಿಗೇನೂ ಬೇಜಾರಿಲ್ಲ. ಬೆಣ್ಣೆ ಯಾರು ಕಳಿಸಿದ್ದು ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ನಲವತ್ತು ವರ್ಷ ಮೇಷ್ಟ್ರಾಗಿದ್ದವರು, ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುವ ಚಾಳಿ ಎಲ್ಲಿ ಹೋಗುತ್ತದೆ. ಮಣಿಕಟ್ಟು ನೋವೆಂದು ಈ ಸಲವೂ ಪತ್ರ ನನ್ನ ಪಾಲಿಗೇ ಬಿಟ್ಟರು. ಮುಂಬಾಗಿಲಿಗೆ ಒಂದು ಗಂಟೆ ಕಟ್ಟಿದ್ದೇನೆ. ಬಾಗಿಲು ಸರಿಸಿದಾಗೆಲ್ಲ ಸದ್ದಾಗುತ್ತದೆ, ಬೇಸಿಗೆಯಲ್ಲಿ ಕಿವಿಗೆ ತಂಪು.

ಒಂದು ಮಾತು ಕೇಳಬೇಕಿತ್ತು. ಅಕಿಶಿರೊದಲ್ಲಿ ನೀವಿಬ್ಬರೂ ಬೆಳೆದ ಮನೆ ಯಾವ ಬೀದಿಯಲ್ಲಿತ್ತು? ಇತ್ತೀಚೆಗೆ ಸಂಜೆಯಾದರೆ ಅವರು "ಮನೆಗೆ ಹೋಗೋಣ" ಎನ್ನುತ್ತಾರೆ. ವಯಸ್ಸಾದ ಮೇಲೆ ಹುಟ್ಟೂರು ನೆನಪಾಗುವುದು ಸಹಜ ತಾನೆ. ಫೋನಿನಲ್ಲಿ ಕೇಳೋಣವೆಂದರೆ ನಿನಗೆ ಕೇಳಿಸುವುದಿಲ್ಲ. ಕಿವಿಗೆ ಯಂತ್ರ ಹಾಕಿಕೊ ಎಂದರೆ ಹಸುಗಳ ಮಾತು ಕೇಳಲು ಯಂತ್ರ ಬೇಡ ಎನ್ನುತ್ತೀಯ.

ಇಕುಯೊ

*

ಒಬಿಹಿರೊ
ಜುಲೈ ೮

ಅತ್ತಿಗೆ,

ಪೀಚ್ ಬಂತು. ಎರಡು ಜಜ್ಜಿಹೋಗಿದ್ದವು, ಅವನ್ನೇ ಮೊದಲು ತಿಂದೆ, ಅವೇ ರುಚಿಯಾಗಿದ್ದವು.

ಮನೆ ಇದ್ದದ್ದು ಕೋಟೆಯ ಕಂದಕದ ಪಕ್ಕದ ಬೀದಿಯಲ್ಲಿ, ಮಿಸೊ ಅಂಗಡಿ ದಾಟಿ ಮೂರನೆಯದು. ಕೆಡವಿ ಎಷ್ಟು ವರ್ಷವಾಯಿತೋ. ಅದಕ್ಕೇನಂತೆ, ಕರೆದುಕೊಂಡು ಹೋಗಿ. ನಿಮ್ಮೂರಿಂದ ರೈಲಿನಲ್ಲಿ ಒಂದೂವರೆ ತಾಸು, ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು. ಅಣ್ಣ ಮೊದಲು ಕೆಲಸಕ್ಕೆ ಸೇರಿದ್ದೂ ಆ ಊರಿನ ಶಾಲೆಗೇ. ಕೋಟೆ ನೋಡಿದರೆ ತಲೆ ತೊಳೆದ ಹಾಗಾಗುತ್ತದೆ ಅವನಿಗೆ. ನೀವು ಅವನನ್ನು ಮನೆಯಲ್ಲಿ ಕೂಡಿಹಾಕಿ ಸೌತೆಕಾಯಿಗೆ ಕಾವಲು ಇಟ್ಟಿದ್ದೀರಿ, ಇನ್ನೇನಾಗುತ್ತದೆ. ಕೋಪ ಮಾಡಿಕೊಳ್ಳಬೇಡಿ, ನನ್ನ ಬಾಯಿ ನಿಮಗೆ ಗೊತ್ತಲ್ಲ.

ಚಿಕ್ಕಂದಿನಲ್ಲಿ ಅವನು ನನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಕೋಟೆಯ ಗುಡ್ಡ ಹತ್ತುತ್ತಿದ್ದ. ದಾರಿಯಲ್ಲಿ ಯಾರಾದರೂ ಏನನ್ನಾದರೂ ಕಳೆದುಕೊಂಡಿದ್ದರೆ ಮುಗಿಯಿತು, ನನ್ನನ್ನು ಕೆಳಗಿಳಿಸಿ ಹುಡುಕುವುದಕ್ಕೆ ಹೊರಡುತ್ತಿದ್ದ. ಒಂದು ಸಲ ಯಾರದೋ ಕೊಡೆಗಾಗಿ ಮಧ್ಯಾಹ್ನವೆಲ್ಲ ಅಲೆದ. ನಾನು ಕಲ್ಲಿನ ಮೇಲೆ ಕೂತು ಅತ್ತೆ.

ಮಣಿಕಟ್ಟು ನೋವು ಎಂದಿರಿ. ಹೊಸವರ್ಷದ ಕಾರ್ಡೂ ನಿಮ್ಮ ಅಕ್ಷರದಲ್ಲೇ ಇತ್ತು. ಏಳು ತಿಂಗಳ ನೋವೇ? ಹೋದ ಚಳಿಗಾಲದಲ್ಲಿ ಅಣ್ಣ ನನಗೆ ಬರೆದಿದ್ದ, ಆಗ ಕೈ ಚೆನ್ನಾಗಿಯೇ ಇತ್ತು. ಇರಲಿ ಬಿಡಿ, ಅದು ಬೇರೆ ವಿಷಯ. ಹಾಲು ಕರೆಯುವ ಹೊತ್ತಾಯಿತು.

ಸಾಯೊ

*

ಒಕಾಯಾಮ
ಜುಲೈ ೧೭

ಸಾಯೊ,

ನಿನ್ನ ಮಾತಿನಂತೆ ೨೫ಕ್ಕೆ ಹೋಗಿಬರುತ್ತೇವೆ. ಹೇಳಿದಾಗಿನಿಂದ ನಿಮ್ಮಣ್ಣನ ಮುಖವೇ ಬೇರೆಯಾಗಿದೆ. ನಿನ್ನೆ ಬಿಳಿ ಅಂಗಿಗೆ ತಾವೇ ಇಸ್ತ್ರಿ ಹಾಕಿದರು. ಇವತ್ತೂ ಅದಕ್ಕೇ ಹಾಕಿದರು. ಬಾರ್ಲಿ ನೀರು, ಉಪ್ಪು ಹಾಕಿದ ಪ್ಲಮ್, ಒದ್ದೆ ಟವೆಲು, ಕೊಡೆ, ಎಲ್ಲ ಚೀಟಿ ಬರೆದಿಟ್ಟಿದ್ದೇನೆ. ಆ ದಿನ ಮೂವತ್ತಾರು ಡಿಗ್ರಿ ಎನ್ನುತ್ತಾರೆ.

ನೀನು ನಗುತ್ತೀಯ, ನನಗೆ ಯಾಕೋ ಒಳಗೊಳಗೇ ಹೆದರಿಕೆ. ಒಂದು ದಿನದ ಪ್ರಯಾಣಕ್ಕೆ ಹೆದರುವವಳನ್ನು ಎಲ್ಲಿಯಾದರೂ ಕಂಡಿದ್ದೀಯಾ? ಮೊಣಕಾಲಿನ ಚಿಂತೆ ಇರಬೇಕು. ಕೋಟೆಯ ಮೆಟ್ಟಿಲು ಬಲು ಕಡಿದು ಎಂದು ಕೇಳಿದ್ದೇನೆ.

ಅವರು ಬರೆದ ಪತ್ರದ ಬಗ್ಗೆ ನನಗೆ ಗೊತ್ತೇ ಇರಲಿಲ್ಲ. ಏನು ಬರೆದಿದ್ದರು?

ಇಕುಯೊ

*

ಒಕಾಯಾಮ
ಆಗಸ್ಟ್ ೧
(ತಾವರೆಯ ಚಿತ್ರದ ಕಾರ್ಡು)

ಬೇಸಿಗೆಯ ಕ್ಷೇಮಸಮಾಚಾರ ವಿಚಾರಿಸುತ್ತ ಬರೆಯುತ್ತಿದ್ದೇನೆ. ತಾವೆಲ್ಲರೂ ಕುಶಲವೆಂದು ನಂಬಿದ್ದೇನೆ. ಅಕಿಶಿರೊ ಪ್ರವಾಸ ಸುಖವಾಗಿ ಮುಗಿಯಿತು. ಕೋಟೆ ಸುಂದರವಾಗಿದೆ. ಕಂದಕದಲ್ಲಿ ತಾವರೆಗಳು ಅರಳಿದ್ದವು. ಬಿಸಿಲು ಇನ್ನೂ ಕೆಲದಿನ ಇರಲಿದೆ, ಆರೋಗ್ಯ ನೋಡಿಕೊಳ್ಳುವುದು.

ತಾರುಮಿ ಮೊರಿಯೊ, ಇಕುಯೊ

*

ಒಬಿಹಿರೊ
ಆಗಸ್ಟ್ ೬

ಅತ್ತಿಗೆ,

ನಿಮ್ಮ ಕಾರ್ಡು ಓದಿ ನನಗೆ ಹೆದರಿಕೆಯಾಯಿತು. ಅರ್ಧ ಶತಮಾನದಿಂದ ನನಗೆ ಬರೆಯುತ್ತಿದ್ದೀರಿ, ಒಂದು ಸಲವೂ "ತಾವೆಲ್ಲರೂ ಕುಶಲವೆಂದು" ಎಂದವರಲ್ಲ. ವಿಮಾ ಕಂಪನಿಯವರು ನನಗೆ ಹೀಗೆ ಬರೆಯುತ್ತಾರೆ.

ಕಾರ್ಡನ್ನು ಸೊಸೆಗೆ ತೋರಿಸಿದೆ. "ಚೆನ್ನಾಗೇ ಇದೆಯಲ್ಲ ಅತ್ತೆ, ಹೂವಿನ ಚಿತ್ರಾನೂ ಇದೆ" ಎಂದಳು. ನಿನಗೆ ನಮ್ಮ ಅತ್ತಿಗೆ ಗೊತ್ತಿಲ್ಲ ಸುಮ್ಮನಿರು ಎಂದೆ. ಎರಡು ದಿನ ಕೈಗೆ ಕೆಲಸ ಹತ್ತಲಿಲ್ಲ, ಒಂದು ಕ್ಯಾನ್ ಹಾಲು ಚೆಲ್ಲಿದೆ.

ನನ್ನ ಮೇಲೆ ಸಿಟ್ಟೇ? ಮನೆಯಲ್ಲಿ ಕೂಡಿಹಾಕಿದ್ದೀರಿ ಎಂದು ಬರೆದದ್ದಕ್ಕೆ? ತಪ್ಪಾಯಿತು. ಆ ಪತ್ರದ ಮಾತಿಗೇ? ಗುಟ್ಟೇನೂ ಅಲ್ಲ, ಮುದುಕರ ಕೊರಗು ಅಷ್ಟೆ. ಅಥವಾ ಅಣ್ಣನಿಗೆ ಏನಾದರೂ ಆಯಿತೇ? ಬಿದ್ದನೇ? ಆ ಮೆಟ್ಟಿಲು ನನಗೆ ನೆನಪಿದೆ, ಏಣಿಯ ಹಾಗಿತ್ತು. ಹೋಗಿ ಎಂದು ತಳ್ಳಿದವಳು ನಾನು. ಏನಿದ್ದರೂ ಬರೆಯಿರಿ. ಕೆಟ್ಟದ್ದಾದರೂ ಬರೆಯಿರಿ.

ಸಾಯೊ

*

ಒಕಾಯಾಮ
ಆಗಸ್ಟ್ ೧೪

ಸಾಯೊ,

ಹಿರಿಯರ ಹಬ್ಬ. ನಿನ್ನ ಅಪ್ಪ ಅಮ್ಮನ ಫೋಟೊದ ಮುಂದೆ ಕೂತು ಬರೆಯುತ್ತಿದ್ದೇನೆ, ಅವರೆದುರು ಸುಳ್ಳು ಬರೆಯಲಾಗುವುದಿಲ್ಲ. ನಿಮ್ಮಣ್ಣ ಬದುಕಿದ್ದಾರೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ನೀನು ಓದಲಾರೆ. ಮೊನ್ನೆ ಹನ್ನೊಂದನೇ ತಾರೀಕು ಆಸ್ಪತ್ರೆಯಿಂದ ಮನೆಗೆ ಬಂದರು.

ಅವರ ಮಣಿಕಟ್ಟಿಗೆ ಏನೂ ಆಗಿಲ್ಲ. ಎರಡು ವರ್ಷದಿಂದ ಮರೆವು. ಬಾಗಿಲಿನ ಗಂಟೆ ತಂಪಿಗಲ್ಲ, ಅವರು ಹೊರಗೆ ಹೋದರೆ ನನಗೆ ಗೊತ್ತಾಗಲೆಂದು. ಯಾರಿಗೂ ಹೇಳಿಲ್ಲ. ಹೆಡ್‌ಮಾಸ್ಟರಾಗಿದ್ದವರು, ಬೀದಿಯಲ್ಲಿ ಜನ ನಿಂತು ತಲೆ ಬಾಗಿಸುತ್ತಾರೆ. ಅವರ ಮಾನ ನನ್ನ ಕೈಯಲ್ಲಿದೆ ಎಂದುಕೊಂಡಿದ್ದೆ.

ಆ ದಿನ ರೈಲಿನಲ್ಲಿ ಎಷ್ಟು ಚೆನ್ನಾಗಿದ್ದರು ಗೊತ್ತಾ. ಒಂದೊಂದು ನಿಲ್ದಾಣದ ಹೆಸರನ್ನೂ ಬರುವ ಮುಂಚೆ ಹೇಳಿದರು. ನಿನ್ನ ಮಾತೇ ಸರಿ, ನಾನೇ ಸುಮ್ಮನೆ ಹೆದರಿದೆ ಎಂದುಕೊಂಡೆ. ನಿಮ್ಮ ಮನೆ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಅವರು ಒಂದು ಕಾರಿನ ಹಿಂದೆ ಹೋಗಿ ನಿಂತು "ಇಲ್ಲಿ ಬಾವಿ ಇತ್ತು" ಎಂದರು. ತಣ್ಣನೆಯ ಸೊಬಾ ಶಾವಿಗೆ ತಿಂದೆವು. ಹನ್ನೆರಡೂಕಾಲಿಗೆ ಕೋಟೆಯ ಗೋಪುರಕ್ಕೆ ಹೋದೆವು.

ಬಾಗಿಲಲ್ಲಿ ಬೂಟು ಬಿಚ್ಚಿ, ಕೊಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಕೈಯಲ್ಲಿ ಹಿಡಿದುಕೊಂಡೇ ಮೇಲೆ ಹತ್ತಬೇಕಲ್ಲ. ಆ ಮೆಟ್ಟಿಲಿಗೆ ಅವರ ಎರಡೂ ಕೈ ಬೇಕಾಗುತ್ತವೆಂದು ಇಬ್ಬರ ಬೂಟನ್ನೂ ಒಂದೇ ಚೀಲಕ್ಕೆ ಹಾಕಿ ನಾನೇ ಹಿಡಿದುಕೊಂಡೆ. ಎರಡನೇ ಅಂತಸ್ತಿಗೆ ನನ್ನ ಮೊಣಕಾಲು ಸೋತಿತು. "ನೀನು ಇಲ್ಲೇ ಗಾಳಿಗೆ ಕೂತಿರು, ಮೇಲೆ ನೋಡ್ಕೊಂಡು ಬರ್ತೀನಿ" ಎಂದರು. ಕಣ್ಣು ಎಷ್ಟು ಸ್ವಚ್ಛವಾಗಿತ್ತೆಂದರೆ ಹೂಂ ಎಂದುಬಿಟ್ಟೆ. ಎರಡು ವರ್ಷದಲ್ಲಿ ಮೊದಲ ಸಲ ಅವರನ್ನು ಒಬ್ಬರನ್ನೇ ಬಿಟ್ಟೆ.

ಯಾವುದೋ ಪ್ರವಾಸಿಗಳ ತಂಡ ದಡದಡ ಇಳಿದುಹೋಯಿತು. ಕಾಲು ಗಂಟೆಯಾಯಿತು. ಇವರು ಬರಲಿಲ್ಲ. ತೆವಳಿಕೊಂಡು ಮೇಲೆ ಹತ್ತಿದೆ. ಇರಲಿಲ್ಲ.

ಈಗ ಹೇಳುವ ಮಾತು ಕೇಳಿ ನನ್ನನ್ನು ಬೈಯಿ. ನನಗೆ ಹೆದರಿಕೆ ಆಗಲೇ ಇಲ್ಲ. ಬೂಟು ನನ್ನ ಕೈಯಲ್ಲೇ ಇತ್ತು. ಬೂಟಿಲ್ಲದೆ ಮನುಷ್ಯ ಹೊರಗೆ ಕಾಲಿಡುತ್ತಾನೆಯೇ? ಒಳಗೇ ಎಲ್ಲೋ ಕವಚ, ಕತ್ತಿ ನೋಡುತ್ತ ನಿಂತಿದ್ದಾರೆ ಎಂದುಕೊಂಡೆ. ಕೆಳಗಿಳಿದೆ, ಮತ್ತೆ ಹತ್ತಿದೆ. ಒಂದೊಂದು ಕಂಬದ ಹಿಂದೆ ನೋಡಿದೆ. ಬಾಗಿಲಲ್ಲಿ ಚೀಲ ಕೊಡುವ ಹೆಂಗಸೂ ನಕ್ಕಳು. "ಬೂಟು ನಿಮ್ಮತ್ರಾನೇ ಇದೆಯಲ್ಲಮ್ಮ, ಎಲ್ಲಿ ಹೋಗ್ತಾರೆ? ನಿಧಾನಕ್ಕೆ ಹುಡುಕಿ" ಎಂದಳು. ಹೀಗೆ ಒಂದು ತಾಸಿಗಿಂತ ಹೆಚ್ಚು ಕಳೆದೆ, ಸಾಯೊ. ಹತ್ತುವುದು, ಇಳಿಯುವುದು. ಆ ಪ್ರವಾಸಿಗಳ ನಡುವೆಯೇ ಇಳಿದುಹೋದವರು ಆ ಹೊತ್ತಿಗೆ ಎಷ್ಟು ದೂರ ಹೋಗಿದ್ದರೋ.

ಒಂದೂಮುಕ್ಕಾಲಿಗೆ ಬಾಗಿಲ ಹೊರಗೆ ನೋಡಿದೆ. ಜಲ್ಲಿಕಲ್ಲಿನ ಅಂಗಳ ಬಿಸಿಲಿಗೆ ಬೆಳ್ಳಗೆ ಉರಿಯುತ್ತಿತ್ತು. ನಡುವೆ ಅವರ ಕರವಸ್ತ್ರ ಬಿದ್ದಿತ್ತು. ಆ ಹೆಂಗಸೂ ನೋಡಿದಳು. ಅವಳ ಮುಖದ ಬಣ್ಣ ಇಳಿಯುವುದು ಕಂಡ ಮೇಲೆಯೇ ನಾನು ಪೊಲೀಸರನ್ನು ಹುಡುಕಿ ಓಡಿದ್ದು.

ಪೊಲೀಸು ಚೌಕಿಯಲ್ಲಿದ್ದ ನಡುವಯಸ್ಸಿನವನು ಒಳ್ಳೆಯವನು. ಎಲ್ಲ ಬರೆದುಕೊಂಡ. ಆಮೇಲೆ ಕೇಳಿದ: "ಊರಿನ ಧ್ವನಿವರ್ಧಕದಲ್ಲಿ ಕೂಗಿಸ್ತೀವಿ. ಹೆಸರು ಹೇಳಿಸಲಾ, ಬೇಡ್ವಾ?"

ಬಿರುಗಾಳಿ, ಭೂಕಂಪಕ್ಕೆಂದು ಪ್ರತಿ ಊರಿನಲ್ಲೂ ಕಂಬಕ್ಕೆ ಕಟ್ಟಿರುತ್ತಾರಲ್ಲ, ಅದೇ. ಈಗೀಗ ಅದರಲ್ಲಿ ಹೆಚ್ಚಾಗಿ ಕೇಳುವುದು ದಾರಿತಪ್ಪಿದ ಮುದುಕರ ಸುದ್ದಿ. ನಮ್ಮ ಬೀದಿಯಲ್ಲೂ ಕೇಳಿ ಎಷ್ಟೋ ಸಲ "ಪಾಪ, ಯಾರ ಮನೆಯವರೋ" ಎಂದಿದ್ದೇನೆ. ಆ ಊರಿನಲ್ಲಿ ಇವರು ಆರು ವರ್ಷ ಪಾಠ ಹೇಳಿದವರು. ಶಿಷ್ಯರೆಲ್ಲ ಅಲ್ಲೇ ಅಂಗಡಿ, ಆಫೀಸು ನಡೆಸುತ್ತಿದ್ದಾರೆ. ತಾರುಮಿ ಮೇಷ್ಟ್ರು ಸಾಕ್ಸಿನಲ್ಲಿ ಅಲೆಯುತ್ತಿದ್ದಾರೆ ಎಂದು ಊರಿಗೆಲ್ಲ ಸಾರಿಸಲೇ?

"ಹೆಸರು ಬೇಡ" ಎಂದೆ.

"ಹೇಳಿದ್ರೆ ಬೇಗ ಸಿಕ್ತಾರಮ್ಮ, ಗುರುತಿನವರು ಇರ್ತಾರೆ."

"ಗುರುತಿನವರು ಇದಾರೆ ಅಂತಾನೇ ಬೇಡ ಅಂದಿದ್ದು."

ಅವನು ಮತ್ತೆ ಕೇಳಲಿಲ್ಲ. ನಮ್ಮ ಜನ ಇಂಥ ಮಾತನ್ನು ಎರಡನೇ ಸಲ ಕೇಳುವುದಿಲ್ಲ.

ಎರಡೂಕಾಲಿಗೆ ಕೂಗು ಕೇಳಿತು. "ಎಪ್ಪತ್ತೇಳು ವರ್ಷದ ಗಂಡಸು. ಬಿಳಿ ಅರ್ಧತೋಳಿನ ಅಂಗಿ, ಬೂದು ಬಣ್ಣದ ಪ್ಯಾಂಟು, ಕಾಲಿಗೆ ಬರೀ ಸಾಕ್ಸು." ಗುಡ್ಡಕ್ಕೆ ಬಡಿದು ಇನ್ನೊಂದು ಸಲ ಕೇಳಿತು. ನಾನು ಬೂಟಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಮೂರಕ್ಕೆ ಒಂದು ಸಲ ಕೂಗಿದರು, ನಾಲ್ಕಕ್ಕೆ ಒಂದು ಸಲ. ಕಿಟಕಿಯಿಂದ ಕಂದಕ ಕಾಣುತ್ತಿತ್ತು. ಅಗ್ನಿಶಾಮಕದವರು ಇಬ್ಬರು ಬಂದು ಉದ್ದನೆಯ ಬಿದಿರಿನಿಂದ ತಾವರೆ ಎಲೆಗಳ ಅಡಿಯಲ್ಲಿ ಚುಚ್ಚಿ ಚುಚ್ಚಿ ನೋಡಿದರು. ಒಂದು ಸಲ ಬಿದಿರು ಯಾವುದಕ್ಕೋ ತಗುಲಿ ನಿಂತಿತು. ಇಬ್ಬರೂ ಸೇರಿ ಎಳೆದರು. ಸೈಕಲ್ ಚಕ್ರ ಬಂತು. ನಾನು ಚೌಕಿಯ ಹಿಂದೆ ಹೋಗಿ ವಾಂತಿ ಮಾಡಿದೆ. ಕಾರ್ಡಿನಲ್ಲಿ ನಿನಗೆ ಬರೆದ ತಾವರೆ ಅದೇ.

ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಪಾಳಿ ಬದಲಾಗಿ ಹೊಸ ಪೊಲೀಸು ಬಂದಿದ್ದ. ನಾನು ಒಳಗಿನ ಕೋಣೆಯಲ್ಲಿ ಮುಖ ತೊಳೆಯುತ್ತಿದ್ದೆ. ಹೊರಗೆ ಯಾರೋ ಬಂದು ಅವನನ್ನು ಮಾತನಾಡಿಸಿದರು.

"ಯಾರೋ ವಯಸ್ಸಾದವರು ಕಳೆದುಹೋಗಿದಾರಂತಲ್ಲ, ಸಿಕ್ಕಿದ್ರಾ?"

"ಇನ್ನೂ ಇಲ್ಲ ತಾತ."

"ನಾನು ನದಿ ದಂಡೆ ಉದ್ದಕ್ಕೂ ನೋಡ್ಕೊಂಡು ಬಂದೆ. ದೇಗುಲದ ಹಿಂದೂ ನೋಡಿದೆ. ಈ ಬಿಸಿಲಲ್ಲಿ ಬರೀ ಸಾಕ್ಸು ಅಂತಾರೆ. ಬೇಗ ಸಿಗಬೇಕಪ್ಪ, ಇಲ್ದಿದ್ರೆ ಕಷ್ಟ."

"ನೀವು ಮನೆಗೆ ಹೋಗಿ ತಾತ, ನಿಮಗೂ ಬಿಸಿಲು ಹತ್ತುತ್ತೆ. ಸಹಾಯ ಮಾಡಿದ್ದಕ್ಕೆ ಧನ್ಯವಾದ."

ಮುಖ ಒರೆಸದೆ ಓಡಿಬಂದೆ. ನಿಮ್ಮಣ್ಣ ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ನಿಂತಿದ್ದರು, ತೋಟದ ಕೆಲಸದವರ ಹಾಗೆ. ಸಾಕ್ಸು ಮಡಿಸಿ ಜೇಬಿನಲ್ಲಿಟ್ಟುಕೊಂಡು, ಯಾವುದೋ ದೇಗುಲದ ಜಗುಲಿಯ ಮುಂದಿನ ಚಪ್ಪಲಿ ಮೆಟ್ಟಿದ್ದರು. ಸಾಕ್ಸಿನ ಮುದುಕನನ್ನು ಹುಡುಕುತ್ತಿದ್ದ ಊರು ಚಪ್ಪಲಿಯ ಮುದುಕನಿಗೆ ದಾರಿ ಬಿಟ್ಟಿತ್ತು. ಆ ಕೂಗು ಕೇಳಿ ಅವರೂ ಹುಡುಕಲು ಹೊರಟಿದ್ದರು. ಎರಡೂಕಾಲಿನಿಂದ ತಮ್ಮನ್ನೇ ಹುಡುಕುತ್ತಿದ್ದರು, ಸಾಯೊ.

ನನ್ನನ್ನು ನೋಡಿದರು. ತಲೆ ಬಾಗಿಸಿದರು. "ನೀವು ಅವರ ಮನೆಯವರಾ? ಹೆದರ್ಕೋಬೇಡಿ ಅಮ್ಮ. ಸಿಕ್ತಾರೆ" ಎಂದರು. ಹಾಗೆಂದು ಅಲ್ಲೇ ಕುಸಿದರು.

ಕಾಲಿನ ಅಡಿಯ ಚರ್ಮವೆಲ್ಲ ಬೊಬ್ಬೆ. ದೇಹದ ಬಿಸಿ ನಲವತ್ತಕ್ಕೆ ಏರಿತ್ತು. ಆರು ದಿನ ಅವರು ಉಳಿಯುತ್ತಾರೆಂದು ಡಾಕ್ಟರು ಹೇಳಲಿಲ್ಲ. ಏಳನೇ ದಿನ ಗಂಜಿ ಕುಡಿದರು. ನಾನು ಅವತ್ತೇ ನಿನಗೆ ಆ ಕಾರ್ಡು ಬರೆದೆ. ಯಾಕೆ ಹಾಗೆ ಬರೆದೆನೋ, ಕೈ ತಾನಾಗಿ ಬರೆಯಿತು. ಚಪ್ಪಲಿಯ ಮೇಲೆ ದೇಗುಲದ ಹೆಸರಿತ್ತು. ಅದನ್ನು ತೊಳೆದು ಸಿಹಿಯ ಡಬ್ಬಿಯ ಜೊತೆ ಅಂಚೆಗೆ ಹಾಕಿದ್ದೇನೆ.

ಹೆಸರು ಹೇಳಿಸಿದ್ದರೆ ಅವರಿಗೆ ತಮ್ಮ ಹೆಸರು ಕೇಳಿಸುತ್ತಿತ್ತೇ? ಹಗಲೂ ರಾತ್ರಿ ಇದನ್ನೇ ಕೇಳಿಕೊಳ್ಳುತ್ತಿದ್ದೇನೆ. ಅವರ ಮಾನ ಕಾಯುತ್ತೇನೆಂದು ಹೋಗಿ ಅವರನ್ನೇ ಕೊಂದುಬಿಡುತ್ತಿದ್ದೆ.

ಇಕುಯೊ

*

ಒಬಿಹಿರೊ
ಆಗಸ್ಟ್ ೨೧

ಅತ್ತಿಗೆ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಹೇಗಿದ್ದರೂ ಕಳಿಸುತ್ತೇನೆ.

ನನ್ನನ್ನು ಬೈಯಿ ಎಂದು ನೀವು ಬರೆದಿರಿ. ಬೈಸಿಕೊಳ್ಳಬೇಕಾದವಳು ನಾನು. ಹೋಗಿ ಎಂದು ತಳ್ಳಿದ್ದಷ್ಟೇ ಅಲ್ಲ. ಹೋದ ನವೆಂಬರಿನಲ್ಲಿ ಅಣ್ಣ ಬರೆದ ಪತ್ರವನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನಿಮಗೆ ಹೇಳು ಎಂದೇ ನನಗೆ ಬರೆದಿದ್ದ. ನಾನು ಹೇಳಲಿಲ್ಲ. ಓದಿ ಮುಗಿಸಿ ಮೇವಿನ ರಸೀದಿಗಳ ಅಡಿಯಲ್ಲಿ ಸೇರಿಸಿಬಿಟ್ಟೆ. ಅಣ್ಣ ಎಲ್ಲವನ್ನೂ ದೊಡ್ಡದು ಮಾಡುತ್ತಾನೆ ಎಂದುಕೊಂಡೆ. ಅದೂ ಸುಳ್ಳು. ನನಗೆ ಹೆದರಿಕೆಯಾಗಿತ್ತು. ನಿಮಗೆ ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿ, ಒಂದು ದಿನ ಕೋಟೆ ತೋರಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಿಮ್ಮನ್ನು ಕಳಿಸಿದೆ. ಅಲ್ಲಿ ನೀವು ಹೆಸರು ಬೇಡ ಎಂದಿರಿ. ಇಲ್ಲಿ ಹೆಸರು ಕೂಗಿಸು ಎಂಬ ಅವನ ಮಾತು ನನ್ನ ಪೆಟ್ಟಿಗೆಯಲ್ಲಿ ಬಿದ್ದಿತ್ತು.

ಅವನ ಕೈಬರಹ ನೋಡಿ. ಎಲ್ಲೂ ನಡುಗಿಲ್ಲ.

"ಸಾಯೊ, ನನ್ನ ತಲೆ ಕೆಡುತ್ತಿದೆ. ಇಕುಯೊಗೆ ಗೊತ್ತು. ನನಗೆ ಗೊತ್ತೆಂಬುದು ಅವಳಿಗೆ ಗೊತ್ತಿಲ್ಲ. ಅವಳು ಎಷ್ಟು ಅಚ್ಚುಕಟ್ಟಾಗಿ ಮುಚ್ಚಿಡುತ್ತಾಳೆಂದರೆ ನೋಡಿ ಸಂಕಟವಾಗುತ್ತದೆ, ಹೇಳಲು ಬಾಯಿ ಬರುವುದಿಲ್ಲ. ನನ್ನ ತಲೆ ಪೂರ್ತಿ ಹೋಗುವ ಮುಂಚೆ ನೀನು ಅವಳಿಗೆ ಹೇಳು: ಮುಚ್ಚಿಡಬೇಡ. ಬೀದಿಯವರಿಗೆ ಹೇಳು, ಅಂಗಡಿಯವರಿಗೆ ಹೇಳು. ನಾನು ಕಳೆದುಹೋದರೆ ಹೆಸರು ಹಿಡಿದು ಗಟ್ಟಿಯಾಗಿ ಕೂಗಿಸು. ಮಕ್ಕಳ ಹಾಜರಿ ಕೂಗಿ ಕೂಗಿ ಬದುಕಿದವನು ನಾನು. ಹೆಸರು ಕೇಳಿದರೆ ಎಲ್ಲಿದ್ದರೂ ಓಗೊಡುತ್ತೇನೆ ಅನ್ನಿಸುತ್ತದೆ. ನನಗೆ ಹೆದರಿಕೆ, ಸಾಯೊ. ಸಾಯುವುದಕ್ಕಲ್ಲ. ಯಾರೂ ಕರೆಯದ ಜಾಗದಲ್ಲಿ ಇರುವುದಕ್ಕೆ."

ಒಂಬತ್ತು ತಿಂಗಳು ಇಟ್ಟುಕೊಂಡಿದ್ದೆ, ಅತ್ತಿಗೆ. ಕ್ಷಮಿಸಿ ಎನ್ನಲು ನನಗೆ ಮುಖವಿಲ್ಲ. ಬರಲೇ? ಚಳಿಗಾಲದಲ್ಲಿ ಇಲ್ಲಿ ಕೆಲಸ ಕಡಿಮೆ, ಆಗ ಬರಬಹುದು. ಬೇಡವೆಂದರೂ ಸರಿ.

ಸಾಯೊ

*

ಒಕಾಯಾಮ
ಸೆಪ್ಟೆಂಬರ್ ೩

ಸಾಯೊ,

ಪತ್ರ ಓದಿದೆ. ಮೂರು ದಿನ ನಿನ್ನ ಮೇಲೆ ಉರಿದೆ. ಆಮೇಲೆ ಸಿಟ್ಟು ಮಾಡಲು ನನಗೇನು ಹಕ್ಕು ಅನ್ನಿಸಿತು. ಒಂದೇ ಮನೆಯಲ್ಲಿ ಕೂತು ಅವರು ನನ್ನಿಂದ ಮುಚ್ಚಿಟ್ಟರು, ನಾನು ಅವರಿಂದ ಮುಚ್ಚಿಟ್ಟೆ, ನೀನು ಇಬ್ಬರದ್ದನ್ನೂ ಮುಚ್ಚಿಟ್ಟೆ. ಯಾರನ್ನು ಯಾರು ಕ್ಷಮಿಸುವುದು.

ನಾಲ್ಕನೇ ದಿನ ಬೀದಿಯ ಹನ್ನೆರಡು ಮನೆಗೆ ಒಂದೊಂದು ಟವೆಲು ಕಾಗದದಲ್ಲಿ ಸುತ್ತಿಕೊಂಡು ಹೊರಟೆ, ಹೊಸದಾಗಿ ಬಾಡಿಗೆಗೆ ಬಂದವರು ಪರಿಚಯ ಹೇಳಲು ಹೋಗುತ್ತಾರಲ್ಲ ಹಾಗೆ. ನಲವತ್ತು ವರ್ಷ ಇದ್ದ ಬೀದಿ. ಮೊದಲ ಬಾಗಿಲಲ್ಲಿ ಟವೆಲು ಕೊಟ್ಟು "ಇವರಿಗೆ ಮರೆವು" ಎಂದೆ. ಎದುರುಮನೆಯ ಹಿರೊಸೆ ಅಮ್ಮ ಟವೆಲು ತೆಗೆದುಕೊಂಡರು. "ನಮಗೆಲ್ಲ ಹೋದ ವರ್ಷಾನೇ ಗೊತ್ತಿತ್ತು ಇಕುಯೊ. ನೀವಾಗೇ ಹೇಳೋ ತನಕ ನಾವು ಹೇಗೆ ಬಾಯಿ ಬಿಡೋದು?" ಎಂದರು. ವಸಂತದಲ್ಲಿ ಎರಡು ಸಲ ಅವರ ಯಜಮಾನರು ರೈಲ್ವೆ ಗೇಟಿನ ಹತ್ತಿರದಿಂದ ಇವರನ್ನು ಕರೆತಂದರಂತೆ. ನನಗೆ ಮುಜುಗರವಾದೀತೆಂದು, ವಾಕಿಂಗಿನಲ್ಲಿ ಜೊತೆ ಸಿಕ್ಕರು ಎಂದು ಹೇಳಿದ್ದರು. ನಾನದನ್ನು ನಂಬಿ ಅವರಿಗೆ ಟೀ ಕೊಟ್ಟಿದ್ದೆ. ರೈಲ್ವೆ ಗೇಟು ಎಂಬ ಮಾತು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ.

ಕಾಲಿನ ಗಾಯ ಒಣಗುತ್ತಿದೆ. ಆದರೆ ಅಕಿಶಿರೊ ಅವರ ತಲೆಯಿಂದ ಹೋಗಿಲ್ಲ. ಎಲ್ಲ ಮರೆಯುವ ಮನುಷ್ಯ ಅದೊಂದನ್ನು ಹಿಡಿದುಕೊಂಡಿದ್ದಾರೆ. ಅಲ್ಲಿ ಆಂಬುಲೆನ್ಸಿನ ಬಾಗಿಲು ಮುಚ್ಚಿದ ಮೇಲೆ "ಹುಡುಕುತ್ತಿದ್ದವರು ಸಿಕ್ಕಿದ್ದಾರೆ" ಎಂದು ಸಾರಿದರು. ಅದು ಅವರಿಗೆ ಕೇಳಿಸಿಲ್ಲ. ನಮ್ಮ ಬೀದಿಯ ಕಂಬದ ಧ್ವನಿವರ್ಧಕದಲ್ಲಿ ಸಂಜೆ ಐದಕ್ಕೆ ಹಾಡು ಬರುತ್ತದಲ್ಲ, ಆಗ ಎಲ್ಲಿದ್ದರೂ ಎದ್ದು ಜಗುಲಿಗೆ ಹೋಗಿ ಕಿವಿಗೆ ಕೈ ಇಟ್ಟು ನಿಲ್ಲುತ್ತಾರೆ. ಹಾಡು ಮುಗಿಯುತ್ತದೆ. "ಇನ್ನೂ ಸಿಕ್ಕಿಲ್ಲ" ಎನ್ನುತ್ತಾರೆ. ಊಟ ಸೇರುವುದಿಲ್ಲ. ಸಿಕ್ಕಿದರು, ನಾನೇ ಕೇಳಿದೆ ಎಂದರೆ ನನ್ನನ್ನು ಸುಳ್ಳು ಹೇಳುವ ಹುಡುಗಿಯ ಹಾಗೆ ನೋಡುತ್ತಾರೆ.

ನಿನ್ನೆಯೂ ಹಾಗೇ ನಿಂತಿದ್ದರು. ನನಗೆ ಸಾಕಾಗಿತ್ತು. "ಆ ಮನುಷ್ಯರ ಹೆಸರು ನನಗೆ ಗೊತ್ತು" ಎಂದೆ.

"ಯಾರು?"

"ತಾರುಮಿ ಮೊರಿಯೊ."

ಯೋಚನೆ ಮಾಡಿದರು. "ನಿಮಗೆ ಬೇಕಾದವರಾ?"

"ಬೇಕಾದವರು."

"ಮತ್ತೆ ಇಲ್ಲಿ ಯಾಕೆ ಕೂತಿದೀರ? ಹೋಗಿ ಹುಡುಕಬಾರ್ದಾ?" ಎಂದು ಗದರಿದರು. ಅದೇ ಹೆಡ್‌ಮಾಸ್ಟರ ದನಿ.

ನಾನು ಎದ್ದು ಹೊರಗೆ ಹೋದೆ. ಬೀದಿಯ ನಡುವೆ ನಿಂತೆ. ಮದುವೆಯಾಗಿ ಐವತ್ತೊಂದು ವರ್ಷ, ಅವರ ಹೆಸರು ಹಿಡಿದು ಕರೆದವಳಲ್ಲ. "ರೀ" ಎಂದರೆ ಸಾಕಿತ್ತು. ಉಸಿರು ಎಳೆದುಕೊಂಡು ಕೂಗಿದೆ, ತಾರುಮಿ ಮೊರಿಯೊ ಎಂದು. ದನಿ ಒಡೆಯಿತು. ಮತ್ತೆ ಕೂಗಿದೆ, ಇನ್ನೂ ಗಟ್ಟಿಯಾಗಿ. ಹಿರೊಸೆ ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡು ಹೊರಗೆ ಬಂದರು. ಮೂಲೆಮನೆಯವರು ಬಂದರು. ಅವರವರ ಗೇಟಿನಲ್ಲಿ ನಿಂತರು. ಮೂರನೇ ಸಲ ಕೂಗಿದೆ.

"ಇದೀನಿ."

ನಮ್ಮ ಮನೆಯ ಒಳಗಿಂದ. ಹಾಜರಿಗೆ ಓಗೊಟ್ಟ ಹಾಗೆ, ನೆಟ್ಟಗೆ, ಸ್ಪಷ್ಟವಾಗಿ. ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ, ಓಡಿದೆ. ಬಾಗಿಲಲ್ಲಿ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು, ನನ್ನನ್ನು ಗೊತ್ತಿದ್ದೇ ನೋಡುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. "ಇಕುಯೊ, ಯಾಕೆ ಬೀದೀಲಿ ಹಂಗೆ ಕೂ‌ಗ್ತೀಯ?" ಎಂದರು. ಅವರ ಎರಡೂ ತೋಳು ಹಿಡಿದುಕೊಂಡೆ.

"ಸಿಕ್ಕಿದ್ರು" ಎಂದೆ.

"ಯಾರು?" ಎಂದರು.

ಸಾಯೊ, ಚಳಿಗಾಲದ ತನಕ ಕಾಯಬೇಡ. ಹಸುಗಳನ್ನು ಮಗನಿಗೆ ಒಪ್ಪಿಸಿ ಈ ವಾರವೇ ಹೊರಡು. ಅವರ ಹೆಸರು ಹಿಡಿದು ಕೂಗಲು ಇನ್ನೊಂದು ಗಂಟಲು ಬೇಕು. ನನಗೆ ಒಬ್ಬಳಿಗೇ ಹೆದರಿಕೆಯಾಗುತ್ತದೆ.

ಇಕುಯೊ